ಚಕ್ರಗಳ ಸಂದಿನಲ್ಲಿ

ಮತ್ತೆ ಅದೇ ಕೂಗು, ಚಿಂವ್, ತೆಳ್ಳಗೆ, ಸಫಾರಿ ಗಾಡಿಗಳ ಸಾಲಿನ ಆಚೆಯಿಂದ, ಹಿಂದಿನ ಸೀಟಿನಲ್ಲಿ ಮೇಡಂ ಪುಸ್ತಕ ತಿರುವುತ್ತಾ ಸಿರೊಂಕಾ, ಇದ್ಯಾವ ಹಕ್ಕಿ, ಪಟ್ಟಿಗೆ ಬರ್ಕೋಬೇಕು ಎಂದು ಸ್ಟೀರಿಂಗ್ ಹಿಡಿದ ನನ್ನನ್ನು ಕೇಳುತ್ತಾರೆ, ಹಕ್ಕಿಯಂತೆ ಹಕ್ಕಿ, ಅದು ಚೀತಾ ಮರಿ, ಮೂರು ಮರಿಗಳಲ್ಲಿ ತೀರಾ ಸಣ್ಣದು, ತಾಯಿಯನ್ನು ಕರೆಯುತ್ತಿದೆ, ನಡುವೆ ಹದಿನೆಂಟು ಗಾಡಿ — ತಾಯಿ, ಅವಳು ಹುತ್ತದ ಮೇಲೆ ಕತ್ತೆತ್ತಿ ಚಕ್ರಗಳ ಸಂದಿನಲ್ಲಿ ನೋಡುತ್ತಿದ್ದಾಳೆ. ಸ್ವಲ್ಪ ಎಡಕ್ಕೆ ತಗೋ, ಅದರ ಮುಖದ ಮೇಲೆ ಬೆಳಕಿಲ್ಲ, ಇದು ಮೇಡಂ ಗಂಡ, ಆಗಿನಿಂದ ಇದೇ ರಗಳೆ, ಸೂರ್ಯನನ್ನೇ ಸರಿಸಲೇ, ಮುಂದೆ ಅವಳು, ಹಿಂದೆ ಗಾಡಿ, ಎರಡೂ ಪಕ್ಕ ಗಾಡಿ, ಇವರನ್ನೆಲ್ಲ ಕರೆದವನು ಯಾರು, ನಾನೇ. ಬೆಳಿಗ್ಗೆ ಇಲ್ಲಿ ಇದ್ದದ್ದು ನಮ್ಮದೊಂದೇ ಗಾಡಿ, ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು, ಆದರೆ ರೇಡಿಯೋದಲ್ಲಿ ಇನ್ನೊಂದು ಗಾಡಿಯ ಡ್ರೈವರ್ ಕೊಯಿನೆಟ್ ಏನಾದ್ರೂ ಸಿಕ್ತೇನೋ ಎಂದ, ಒಂದೇ ಬೆಳಗ್ಗೆ ಒಂದೇ ಅಂಗಳದಲ್ಲಿ ಸುನ್ನತಿಯಾದವರು ನಾವು, ಒಂದೇ ಸೋರೆಬುರುಡೆಯ ಹಾಲು ಕುಡಿದವರು, ಅವನಿಂದ ಹೇಗೆ ಮುಚ್ಚಿಡಲಿ, ನಿನಗೊಬ್ಬನಿಗೇ ಹೇಳ್ತಿದೀನಿ ಅಂದೆ, ಅವನೂ ಇನ್ಯಾರಿಗೋ ನಿನಗೊಬ್ಬನಿಗೇ ಅಂದಿರಬೇಕು, ಗಾಡಿಗಳು ಧೂಳೆಬ್ಬಿಸಿಕೊಂಡು ಬಂದೇಬಿಟ್ಟವು, ಆ ಗದ್ದಲಕ್ಕೆ ಬೆದರಿಯೇ ಮರಿ ಹಳ್ಳದ ಕಡೆ ಓಡಿದ್ದು.

ಹಳ್ಳದಲ್ಲಿ ಕತ್ತೆಕಿರುಬಗಳಿವೆ, ಎರಡು, ಬರುವಾಗ ನೋಡಿದ್ದೆ, ರೇಡಿಯೋ ಎತ್ತಿ ಕೊಯಿನೆಟ್, ಗಾಡಿ ಹಿಂದಕ್ಕೆ ತಗೋ, ಮರಿ ನಿನ್ನ ಹಿಂದಿದೆ, ತಾಯಿಗೆ ದಾರಿ ಬೇಕು ಅನ್ನುತ್ತೇನೆ, ಅವನು ಎರಡೇ ನಿಮಿಷ ಕಣೋ, ನಮ್ ಗಾಡಿಯೋರು ಈಗಷ್ಟೇ ಕ್ಯಾಮೆರಾ ತೆಗ್ದಿದಾರೆ, ನೀನಾದ್ರೆ ಬೆಳಗಿಂದ ಕಣ್ತುಂಬ ನೋಡಿದೀಯ — ಕಣ್ತುಂಬ, ಹೌದಪ್ಪ. ಕೆಳಗಿಳಿದು ಓಡಿಸಲೇ ಇವರನ್ನು, ಇಳಿದರೆ ಲೈಸೆನ್ಸ್ ಹೋಗುತ್ತದೆ, ಇಳಿದರೆ ತಾಯಿಯೂ ಬೆದರುತ್ತಾಳೆ. ಮೇಡಂಗೆ ಮರಿಯ ವಿಷಯ ಹೇಳಲೇ, ಹೇಳಿದರೆ ಗಂಡನಿಗೆ ಅದರ ಫೋಟೋವೂ ಬೇಕಾಗುತ್ತದೆ, ಗೊತ್ತಿಲ್ಲವೇ ನನಗೆ. ಚಿಂವ್, ಚಿಂವ್. ಚಿಕ್ಕವನಿದ್ದಾಗ ಸಂಜೆ ಕರು ಬಿಡುವ ಹೊತ್ತು, ಮುಳ್ಳುಬೇಲಿಯ ಬಾಗಿಲಿಗೆ ಅಡ್ಡ ನಿಂತು ಆಕಳೂ ಕರುವೂ ಕೂಗುವುದನ್ನು ಕೇಳಿ ನಗುತ್ತಿದ್ದೆ, ಅವ್ವ ಬೆನ್ನಿಗೊಂದು ಬಿಟ್ಟಳು, ದಾರಿ ಬಿಡೋ, ಅದು ಅವರವ್ವನ್ನ ಕರೀತಿದೆ, ಕೇಳಿಸಲ್ವಾ ನಿಂಗೆ, ಕೇಳಿಸುತ್ತದವ್ವ, ಹದಿನೆಂಟು ಡ್ರೈವರುಗಳಿಗೂ ಕೇಳಿಸುತ್ತದೆ, ಎಲ್ಲರೂ ದನ ಕಾಯ್ದವರೇ, ಎಲ್ಲರೂ ಕಿವಿ ಮುಚ್ಚಿಕೊಂಡು ಕೂತಿದ್ದೇವೆ, ಥೂ ನಮ್ಮ ಜನ್ಮಕ್ಕಿಷ್ಟು, ಕ್ಯಾಮೆರಾಗಳು ಟಕಟಕ, ಕೊಯಿನೆಟ್, ಒಂದೇ ಒಂದು ಗಾಡಿ ಸರೀಲಿ ಸಾಕು, ಕೊಯಿನೆಟ್, ಹಳ್ಳದ ಕಡೆಯಿಂದ ಮರಿಯ ಕೂಗು ನಿಂತಿದೆ, ಇಲ್ಲ, ಈಗ ಕೂಗುತ್ತದೆ, ಈಗ — ಮೇಡಂ ಪೆನ್ಸಿಲ್ ಹಿಡಿದುಕೊಂಡೇ ಅಯ್ಯೋ ಹಾರಿಹೋಯ್ತಾ, ಯಾವ ಹಕ್ಕಿ ಅಂತ ನೀನು ಹೇಳಲೇ ಇಲ್ಲ ಎನ್ನುತ್ತಾರೆ, ಕೊಯಿನೆಟ್‌ನ ಗಾಡಿ ಈಗ ಹಿಂದೆ ಸರಿಯುತ್ತದೆ, ದಾರಿ ಬಿಟ್ಟಿತು, ತಾಯಿ ಇಳಿಯುವುದಿಲ್ಲ, ಹುತ್ತದ ಮೇಲೆ ಹಾಗೇ ಕತ್ತೆತ್ತಿ, ಚಕ್ರಗಳ ಸಂದಿನಲ್ಲಿ