ಎವರಿಸ್ತೊ ಬಸ್ಸಿನಲ್ಲೇ ಉಳಿದದ್ದು

ದೊಸಿಂದಾ ಬಾಗಿಲು ತಟ್ಟುವ ಹಾಗೆ ಗಂಡನ ಗೋರಿಯ ಕಲ್ಲನ್ನು ತಟ್ಟಿದಳು.

"ಎವರಿಸ್ತೊ, ನಾಳೆ ಬೆಳಿಗ್ಗೆ ತೆಯ್‌ಶಿದೊಗೆ ಹೊರಟಿದೀವಿ. ನಾನು, ನಿನ್ನ ತಂಗಿ. ಎದ್ದು ಬಾ. ಬಸ್ಸು ನಿನಗೋಸ್ಕರ ಕಾಯ್ತಾ ನಿಲ್ಲಲ್ಲ, ಗೊತ್ತಾಯ್ತಾ?"

"ಸತ್ತ ಮೇಲೂ ಅವಸರ ಮಾಡಿಸ್ತೀಯಲ್ಲ ಅತ್ತಿಗೆ," ಎಂದಳು ಪಕ್ಕದಲ್ಲಿದ್ದ ನಾದಿನಿ ಒಬ್ದುಲಿಯಾ. "ಪಾಪ, ಅವನು ಅಲ್ಲಾದರೂ ಆರಾಮಾಗಿ ಮಲಗಿದ್ದ."

ಶಿಸ್ತ್ರಾಲ್ ಬೆಟ್ಟದ ಆ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ಅದು. ಕಡಲ ಮೇಲಿನ ಕಡಿದಾದ ಬಂಡೆಯ ತುದಿಯಲ್ಲಿರುವ ತೆಯ್‌ಶಿದೊದ ಸಂತ ಆಂದ್ರೆಸನ ಗುಡಿಗೆ ಬದುಕಿದ್ದಾಗ ಹೋಗದವನು ಸತ್ತ ಮೇಲಾದರೂ ಹೋಗಲೇಬೇಕು. ಒಂಟಿಯಾಗಿ ಹೊರಟ ಸತ್ತವನು ಹಲ್ಲಿಯಾಗಿಯೋ ಜೀರುಂಡೆಯಾಗಿಯೋ ತೆವಳುತ್ತ ಹೋಗುತ್ತಾನೆ. ಮನೆಯವರು ಗೋರಿಯ ಬಳಿ ಬಂದು ಕರೆದು, ಜೊತೆಗೆ ಕರೆದುಕೊಂಡು ಹೋದರೆ ಮನುಷ್ಯನಾಗಿಯೇ ನಡೆಯುತ್ತಾನೆ. ಎವರಿಸ್ತೊ ಪ್ರತಿ ಸೆಪ್ಟೆಂಬರಿನಲ್ಲೂ, "ಮುಂದಿನ ವರ್ಷ ಹೋಗೋಣ ಬಿಡೇ, ಸಂತ ಏನು ಓಡಿಹೋಗ್ತಾನಾ?" ಎನ್ನುತ್ತಿದ್ದ. ಸಂತ ಎಲ್ಲಿಗೂ ಹೋಗಲಿಲ್ಲ. ಹೋದವನು ಎವರಿಸ್ತೊ, ಹೋದ ಚಳಿಗಾಲದಲ್ಲಿ. ಬದುಕಿದ್ದಾಗಲೇ ಆಮೆಯ ನಡಿಗೆ ಅವನದು. ಹಲ್ಲಿಯಾಗಿ ಹೊರಟರೆ ಯಾವುದಾದರೂ ಹಾಲಿನ ಲಾರಿಯ ಚಕ್ರಕ್ಕೆ ಸಿಕ್ಕುವುದು ಖಂಡಿತ ಎಂದು ದೊಸಿಂದಾಗೆ ನಿದ್ದೆ ಬರುತ್ತಿರಲಿಲ್ಲ.

ಸತ್ತವರ ಜೊತೆಗಿನ ಪ್ರಯಾಣಕ್ಕೂ ರೀತಿ ನೀತಿ ಇದೆ. ಅವರಿಗೂ ಟಿಕೆಟ್ ತೆಗೆಯಬೇಕು, ಸೀಟು ಬಿಡಬೇಕು, ತಟ್ಟೆ ಇಡಬೇಕು. ಹತ್ತುವಾಗ ಹತ್ತು ಎನ್ನಬೇಕು, ಇಳಿಯುವಾಗ ಇಳಿ ಎನ್ನಬೇಕು. ಹೇಳದಿದ್ದರೆ ಕೂತಲ್ಲೇ ಕೂತಿರುತ್ತಾರೆ. ಸಂತನಿಗೆ ಒಪ್ಪಿಸಿ ಹೊರಟ ಮೇಲೆ ಮಾತ್ರ ಮನೆ ಮುಟ್ಟುವ ತನಕ ಅವರ ಹೆಸರೆತ್ತುವಂತಿಲ್ಲ. ಕರೆದರೆ ಹಿಂದೆಯೇ ಬಂದುಬಿಡುತ್ತಾರೆ, ಹೋದದ್ದೆಲ್ಲ ನೀರಿನಲ್ಲಿ ಹೋಮ.

ಬೆಳಗಿನ ಬಸ್ಸು ಮಂಜಿನೊಳಗಿಂದ ಬಂತು. ಡ್ರೈವರ್ ಅಮಾರೊ ಮೂರು ಟಿಕೆಟ್ ಹರಿದು ಕೊಟ್ಟ, ಇಬ್ಬರನ್ನೇ ನೋಡಿಯೂ ಏನೂ ಕೇಳಲಿಲ್ಲ. ಎವರಿಸ್ತೊಗೆ ಕಿಟಕಿಯ ಪಕ್ಕ ಜಾಗವಾಯಿತು. ಬಸ್ಸು ಬೆಟ್ಟದಿಂದ ಸುತ್ತಿ ಸುತ್ತಿ ಇಳಿಯಿತು. ನೀಲಗಿರಿ ಮರಗಳ ತೋಪು ಮುಗಿದ ಮೇಲೆ ಕಡಲು ಒಂದು ಚೂರು ಕಾಣಿಸಿ ಮರೆಯಾಯಿತು. ವಿವೆಯ್ರೊದಲ್ಲಿ ಮೀನಿನ ಬುಟ್ಟಿಗಳು ಹತ್ತಿದವು, ಬಾರ್ಕೆಯ್ರೊದಲ್ಲಿ ನೀರಿನ ಅಂಚಿನ ಬಿಳಿ ಮನೆಗಳು ಅರೆನಿದ್ದೆಯಲ್ಲಿ ಕಂಡವು. ಪ್ರತಿ ಊರಿನಲ್ಲೂ ಬಸ್ಸು ನಿಂತು ಏದುಸಿರು ಬಿಡುತ್ತಿತ್ತು. ದೊಸಿಂದಾ ಮಾತ್ರ ಸೀಟಿನ ತುದಿಯಲ್ಲಿ ಕೂತು, ಓರ್ತಿಗೇಯ್ರಾದಲ್ಲಿ ತೆಯ್‌ಶಿದೊದ ಕಡೆಗೆ ಹೋಗುವ ಸೆದೆಯ್ರಾದ ಬಸ್ಸು ತಪ್ಪಿದರೆ ಏನು ಗತಿ ಎಂದು ಚೀಲ ಹಿಸುಕುತ್ತಿದ್ದಳು.

ಓರ್ತಿಗೇಯ್ರಾ ಬಂದಾಗ ಸೆದೆಯ್ರಾದ ಬಸ್ಸು ಎದುರಿಗೇ ಗುರುಗುಟ್ಟುತ್ತ ನಿಂತಿತ್ತು. ಮದುವೆಯಾದಾಗಿನಿಂದ ಮಾಡುತ್ತ ಬಂದದ್ದನ್ನೇ ದೊಸಿಂದಾ ಆಗಲೂ ಮಾಡಿದಳು. ಮೊದಲು ಜಿಗಿದು ಓಡಿ, ಆ ಬಸ್ಸಿನ ಬಾಗಿಲು ಹಿಡಿದು ನಿಲ್ಲಿಸಿದಳು. ಹಿಂದಿನಿಂದ ಎವರಿಸ್ತೊ ಕೈ ಬೀಸುತ್ತ, ಯಾರಿಗೋ ನಮಸ್ಕಾರ ಹೇಳುತ್ತ ಬರುವುದು ರೂಢಿ. ಒಬ್ದುಲಿಯಾ ಏದುತ್ತ ಹತ್ತಿದಳು. ಬಸ್ಸು ಹೊರಟಿತು.

ಊರು ದಾಟುವಾಗ ಕೋಸಿನ ಗಂಟು ಹೊತ್ತ ಒಬ್ಬ ಹೆಂಗಸು, "ಇಲ್ಲಿ ಯಾರಾದ್ರೂ ಇದಾರಾ?" ಎಂದು ಪಕ್ಕದ ಸೀಟು ತೋರಿಸಿದಳು.

"ನಮ್ಮ ಯಜಮಾನ್ರು," ಎಂದಳು ದೊಸಿಂದಾ. ಎಂದವಳೇ ತಿರುಗಿ ಆ ಸೀಟನ್ನು ನೋಡಿದಳು.

ಮುಂದಿನ ಸೀಟಿನಿಂದ ಒಬ್ದುಲಿಯಾ ನಿಧಾನವಾಗಿ ತಿರುಗಿದಳು. "ಅತ್ತಿಗೆ, ಇಳಿ ಅಂತ ಹೇಳಿದ್ಯಾ?"

ದೊಸಿಂದಾ ಹಿಂದಿನ ಗಾಜಿನಲ್ಲಿ ದೂರವಾಗುತ್ತಿದ್ದ ಊರನ್ನು ನೋಡಿದಳು.

"ಹೇಳಿಲ್ಲ. ನನ್ನ ಅಣ್ಣನ್ನ ಕೊಡೆ ಮರೆತ ಹಾಗೆ ಬಸ್ಸಲ್ಲಿ ಮರೆತು ಬಂದಿದೀಯ."

"ನೀನಾದರೂ ಹೇಳಬಹುದಿತ್ತಲ್ಲ?"

"ಗಂಡ ಯಾರಿಗೆ, ನಿನಗೋ ನನಗೋ? ಅವನು ಬದುಕಿದ್ದಾಗಲೂ ಇದೇ ಕಥೆ. ನೀನು ಮುಂದೆ, ಅವನು ಹಿಂದೆ. ಅವನ ಮುಖ ನೋಡ್ಕೊಂಡು ನಾಲ್ಕು ಹೆಜ್ಜೆ ನಡೆದವಳಲ್ಲ ನೀನು."

ಕೋಸಿನ ಹೆಂಗಸೇ ಡ್ರೈವರನಿಗೆ ಕೂಗಿ ಹೇಳಿ ಬಸ್ಸು ನಿಲ್ಲಿಸಿದಳು. ಅತ್ತಿಗೆ ನಾದಿನಿ ರಸ್ತೆಯ ಮಧ್ಯೆ ಇಳಿದರು. ದೊಸಿಂದಾಗೆ ಅಳು ಬಂತು. ಕಾಲಿಗೆ ಚಕ್ರ ಕಟ್ಟಿಕೊಂಡೇ ಬಾಳು ಸವೆಸಿದ್ದಳು. ಒಬ್ದುಲಿಯಾ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಉರಿ.

ಅಮಾರೊನ ಬಸ್ಸಿನ ಕೊನೆಯ ನಿಲ್ದಾಣ ಕಾರಿಞೊ. ಮೀನಿನ ವ್ಯಾನೊಂದು ಅವರನ್ನು ಅಲ್ಲಿಗೆ ಮುಟ್ಟಿಸಿತು. ಬಂದರಿನ ಗೋಡೆಯ ಪಕ್ಕ ಬಸ್ಸು ನಿಂತಿತ್ತು. ಅಮಾರೊ ಮೆಟ್ಟಿಲ ಮೇಲೆ ಕೂತು ಸಾರ್ಡಿನ್ ತುಂಬಿದ ರೊಟ್ಟಿ ತಿನ್ನುತ್ತಿದ್ದ.

"ಬರ್ತೀರಿ ಅಂತ ಗೊತ್ತಿತ್ತು," ಎಂದ. "ಕಿಟಕಿ ಪಕ್ಕ ಕೂತವ್ರೆ. ಬಿಸಿಲು ಹೊಡೀಬಾರ್ದು ಅಂತ ಪರದೆ ಎಳೆದಿದೀನಿ."

"ಏನಾದರೂ ಅಂದ್ರಾ?" ಎಂದಳು ದೊಸಿಂದಾ, ತನಗೇ ತಿಳಿಯದ ಹಾಗೆ.

"ಇಲ್ಲಮ್ಮ. ಅವಸರ ಇಲ್ಲದ ಮನುಷ್ಯ ಅನ್ನಿಸ್ತು."

ಅವಳು ಹತ್ತಿ ಹೋಗಿ ಆ ಸೀಟಿನ ಪಕ್ಕ ಕೂತಳು. ಪರದೆಯ ಸಂದಿಯಲ್ಲಿ ಬಂದರು ಕಾಣುತ್ತಿತ್ತು. ಬಲೆ ಹೊಲಿಯುವ ಮುದುಕ, ದೋಣಿಯ ಮೇಲೊಂದು ಬೆಕ್ಕು, ಹಿಂದೆ ಸರಿಯುತ್ತಿದ್ದ ನೀರು. ಅವನು ಇಡೀ ಬೆಳಿಗ್ಗೆ ಇದನ್ನೇ ನೋಡುತ್ತ ಕೂತಿದ್ದಿರಬೇಕು. ಬಾರಿನ ಬಾಗಿಲಲ್ಲಿ, ಪಕ್ಕದ ಮನೆಯ ಬೇಲಿಯ ಹತ್ತಿರ, ಸಂತೆಯ ನಡುವೆ ಅವನು ಹೀಗೇ ನಿಂತುಬಿಡುತ್ತಿದ್ದ, ಅವಳು ಕೈ ಹಿಡಿದು ಎಳೆಯುತ್ತಿದ್ದಳು. ಏನು ನೋಡುತ್ತೀಯ ಎಂದು ಒಮ್ಮೆಯೂ ಕೇಳಿರಲಿಲ್ಲ. ಬೆಕ್ಕು ಎದ್ದು ಮೈ ಮುರಿದು ಮತ್ತೆ ಮಲಗುವ ತನಕ ಅವಳು ಕೂತೇ ಇದ್ದಳು. ಆಮೇಲೆ ಮೆಲ್ಲಗೆ, "ಬಾ ಇಳಿಯೋಣ. ನಿನಗೆ ಸಾಕಾದಾಗ ಏಳು," ಎಂದಳು.

ಮಾರನೆಯ ಬೆಳಿಗ್ಗೆ ಕಾರಿಞೊದಿಂದ ಬೆಟ್ಟ ಹತ್ತಿದರು. ಮಂಜು ಕಾಪೆಲಾದಾ ಬೆಟ್ಟದ ಮೇಲೆ ಒದ್ದೆ ಕಂಬಳಿಯ ಹಾಗೆ ಬಿದ್ದಿತ್ತು. ಅದರೊಳಗೆ ಕಾಡುಕುದುರೆಗಳು ನಿಂತಿದ್ದವು, ಒಂದರ ಮೂತಿ ಕಾಣಿಸಿದರೆ ಇನ್ನೊಂದರ ಬಾಲ ಮಾತ್ರ. ಬಲಗಡೆ, ಬಹಳ ಕೆಳಗೆ, ಕಾಣದ ಕಡಲು ಬಂಡೆಗೆ ಬಡಿಯುವ ಸದ್ದು. ದೊಸಿಂದಾ ಇವತ್ತು ಹಿಂದೆ ನಡೆದಳು. ಮುಂದೆ ಒಬ್ದುಲಿಯಾ, ನಡುವೆ ಒಬ್ಬ ನಡೆಯುವಷ್ಟು ಜಾಗ. ದಾರಿಗೆ ಅಡ್ಡ ಬಂದ ಪ್ರತಿ ಜೀರುಂಡೆಗೂ ನಿಂತರು. ಅದು ಯಾರ ಮನೆಯವರೋ, ಕರೆಯುವವರಿಲ್ಲದೆ ಹೊರಟದ್ದು. ಯಾತ್ರಿಕರು ಒಂದೊಂದೇ ಕಲ್ಲು ಹಾಕಿ ಬೆಳೆಸಿದ ಗುಪ್ಪೆಯ ಬಳಿ ತಮ್ಮ ತಮ್ಮ ಕಲ್ಲು ಹಾಕಿದರು, ಅವನ ಪಾಲಿನದನ್ನು ದೊಸಿಂದಾ ಹಾಕಿದಳು.

"ಅತ್ತಿಗೆ, ಇಷ್ಟು ನಿಧಾನ ನಡೆದರೆ ಸಂತ ಬಾಗಿಲು ಹಾಕ್ಕೊಂಡು ಮಲಗ್ತಾನೆ."

"ಮಲಗಲಿ. ಇವರು ಕುದುರೆ ನೋಡ್ತಿದಾರೆ."

ಒಬ್ದುಲಿಯಾ ನಿಂತಳು. ಅವಳೂ ಕುದುರೆ ನೋಡಿದಳು.

ತೆಯ್‌ಶಿದೊದ ಬಿಳಿ ಗುಡಿಯ ಕೆಳಗೆ ಮೂರು ಬಾಯಿಯ ನೀರಿನ ಬುಗ್ಗೆಯಿದೆ. ರೊಟ್ಟಿಯ ಚೂರು ಹಾಕಿ ಕೇಳಬೇಕು. ತೇಲಿದರೆ ಸಂತ ಒಪ್ಪಿದ, ಮುಳುಗಿದರೆ ಇಲ್ಲ. ದೊಸಿಂದಾ ಚೂರು ಹಾಕಿ, ಇವರು ಬಂದು ಮುಟ್ಟಿದರಾ ಎಂದು ಕೇಳಿದಳು. ಚೂರು ಸೀದಾ ತಳಕ್ಕೆ ಹೋಯಿತು. ಒಬ್ದುಲಿಯಾ ಶಿಲುಬೆಯ ಗುರುತು ಹಾಕಿಕೊಂಡಳು. ದೊಸಿಂದಾ ಅಲುಗದೆ ಕಾದಳು. ಮೊದಲಾಗಿದ್ದರೆ ಎದ್ದು ಹೊರಟಿರುತ್ತಿದ್ದಳು. ಬಹಳ ಹೊತ್ತಿನ ಮೇಲೆ ಚೂರು ತಳ ಬಿಟ್ಟು ಮೇಲೆ ಬಂದು, ಅಲ್ಲೇ ಸುತ್ತುತ್ತ ತೇಲಿತು.

"ಇಲ್ಲೂ ತಡ," ಎಂದಳು ಒಬ್ದುಲಿಯಾ, ಕಣ್ಣೊರೆಸಿಕೊಳ್ಳುತ್ತ. "ನಮ್ಮ ಅಣ್ಣನೇ, ಅನುಮಾನ ಇಲ್ಲ."

ಗುಡಿಯೊಳಗೆ ದೊಸಿಂದಾ ಅವನಿಗೆ ಕೂರಲು ಹೇಳಿದಳು. ಕಡಲು ಕಾಣುವ ಕಡೆಯ ಬೆಂಚು ತೋರಿಸಿದಳು. ನಿನ್ನನ್ನು ಬಹಳ ಬೈದೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡ ಎಂದಳು. ಹಿಂದಿರುಗಿ ನೋಡದೆ ಹೊರಬಂದಳು.

"ಇನ್ನು ಬಾಯಿಗೆ ಬೀಗ," ಎಂದಳು ಒಬ್ದುಲಿಯಾ. "ಮನೆ ಸೇರೋ ತನಕ ಹೆಸರೆತ್ತಬೇಡ. ಅವನು ಸುಖವಾಗಿರಲಿ."

ಮರುದಿನ ಕಾರಿಞೊದಲ್ಲಿ ಅಮಾರೊ ಎರಡು ಟಿಕೆಟ್ ಹರಿದ. ಬಸ್ಸು ಕಡಲಿನ ಅಂಚು ಹಿಡಿದು ಹೊರಟಿತು. ದೊಸಿಂದಾ ಕಿಟಕಿಯ ಪಕ್ಕ ಕೂರಲಿಲ್ಲ. ಇತ್ತಲಿನ ಸೀಟಿನಲ್ಲಿ ಕೂತು ಆ ಖಾಲಿ ಜಾಗದ ಮೇಲಿನಿಂದ ಹೊರಗೆ ನೋಡಿದಳು. ಕೆಸರಿನಲ್ಲಿ ಚಿಪ್ಪು ಹೆಕ್ಕುವ ಹೆಂಗಸರು ಬಾಗಿದ್ದರು. ನೀರಿನ ಮೇಲೆ ಬೆಳಕು ಹಾಲಿನ ಕೆನೆಯಂತೆ ಕಟ್ಟಿತ್ತು. ಅವಳ ಕಣ್ಣು ಮುಚ್ಚಿತು.

ಬಸ್ಸು ನಿಂತ ಕುಲುಕಿಗೆ ಎಚ್ಚರವಾದಾಗ ಬಾಗಿಲು ತೆರೆದಿತ್ತು, ಓರ್ತಿಗೇಯ್ರಾ ಬಂದಿತ್ತು. ಮೊನ್ನೆ ಇಲ್ಲೇ ಮರೆತದ್ದು ಅರೆನಿದ್ದೆಯಲ್ಲಿ ನೆನಪಾಯಿತು. ಅವಳು ಕಿಟಕಿಯ ಸೀಟಿಗೆ ತಿರುಗಿ ಸ್ಪಷ್ಟವಾಗಿ ಹೇಳಿದಳು:

"ಎವರಿಸ್ತೊ, ಇಳಿ. ನಾನು ಓಡಲ್ಲ, ನಿನ್ನ ಜೊತೆಗೇ ಬರ್ತೀನಿ."

ಹೇಳಿದ ಮೇಲೆ ಗೊತ್ತಾಯಿತು, ಇಲ್ಲಿ ಇಳಿಯುವುದಿರಲಿಲ್ಲ, ಹೆಸರನ್ನೂ ಎತ್ತಿಬಿಟ್ಟಿದ್ದಳು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಾದಿನಿಯ ಕಡೆ ನೋಡಿದಳು. ಒಬ್ದುಲಿಯಾ ಬೈಯಲಿಲ್ಲ. ದಾರಿಗೆ ಅಡ್ಡವಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಮೊಣಕಾಲು ಸರಿಸಿ, ಒಬ್ಬರು ಹೋಗುವಷ್ಟು ಜಾಗ ಬಿಟ್ಟಳು.

ಅಮಾರೊ ಕನ್ನಡಿಯಲ್ಲಿ ಅವರನ್ನು ನೋಡಿದ. ಅವಸರವಿಲ್ಲದ ಮನುಷ್ಯನೊಬ್ಬನಿಗೆ ಇಳಿಯಲು ಬೇಕಾಗುವಷ್ಟು ಹೊತ್ತು ಅವನು ಬಾಗಿಲು ಮುಚ್ಚಲಿಲ್ಲ.