ಬಳೆ ಸಪ್ಪಳದ ಫೋನು

“ಹೆಸರು ಹೇಳ್ರಿ ಆಯಿ. ಒಂದೇ ಸಲ. ಹೇಳಿದ್ರ ಫೋನು ತಾನೇ ಹತ್ತತದ.”

ವಿಮಲಾಬಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ದಂಡೋತಿಯ ಆ ಅಡುಗೆಮನೆಯಲ್ಲಿ ಭಾಗ್ಯಜ್ಯೋತಿ ಅರ್ಧ ಗಂಟೆಯಿಂದ ಕೂತಿದ್ದಳು. ಸೇಡಂ ಕಡೆಯ ಹುಡುಗಿ. ಹಿರಿಯರಿಗೆಂದೇ ಫೋನು ತಯಾರಿಸುವ ಸಣ್ಣ ಕಂಪನಿಯಲ್ಲಿ ವಿನ್ಯಾಸದ ಕೆಲಸ. ಅವಳು ತಂದಿದ್ದ ಫೋನಿಗೆ ಅಂಕಿಯಿಲ್ಲ, ಪರದೆಯಿಲ್ಲ, ಒತ್ತುವ ಗುಂಡಿಯಿಲ್ಲ. ಹೆಸರು ಹಿಡಿದು ಕೂಗಿದರೆ ಆ ಮನುಷ್ಯರಿಗೆ ಕರೆ ಹೋಗುತ್ತದೆ. ಇದಕ್ಕಿಂತ ಸರಳವಾದದ್ದು ಯಾರಿಂದಲೂ ಆಗದೆಂದು ಅವಳಿಗೆ ಒಳಗೊಳಗೇ ಜಂಬವಿತ್ತು.

“ಗಂಡನ ಹೆಸರು ಹ್ಯಾಂಗ ಹೇಳ್ಲೆವ್ವ? ಮದುವ್ಯಾಗ ಒಡಪಿನಾಗ ಒಮ್ಮೆ ಹೇಳೀನಿ. ಮುಗೀತು.”

“ಮುತ್ಯಾ ಅನ್ರಿ.”

“ನಿನಗ ಮುತ್ಯಾ. ನನಗೂ ಮುತ್ಯಾ ಆಗ್ತಾರೇನು?”

“ಏನ್ರಿ ಅನ್ರಿ ಮತ್ತ.”

“ಹಾಲಿನ ಜಹಾಂಗೀರಗೂ ಏನ್ರಿ ಅಂತೀನಿ. ಅವನ ಮುಂದ ಬಾಯಿ ತೆಗದ್ರ ಇವರಿಗಿ ಫೋನು ಹೋಗಬೇಕೇನು?”

ನಗುತ್ತಿದ್ದರೂ ಅವರಿಗೆ ಭಯವಿತ್ತು. ಹೋದ ತಿಂಗಳು ಗಂಡ ಸೂಗಪ್ಪನವರು ಕಾಗಿಣಾ ಹೊಳೆ ದಂಡೆಯ ಹೊಲದಲ್ಲಿ ತಲೆ ತಿರುಗಿ ಬಿದ್ದು, ತೊಗರಿ ಸಾಲಿನ ನಡುವೆ ಯಾರ ಕಣ್ಣಿಗೂ ಬೀಳದೆ ಎರಡು ತಾಸು ಮಲಗಿದ್ದರು. ವಾಡಿಯಲ್ಲಿ ನೌಕರಿಯಲ್ಲಿರುವ ಮಗ ಸಿದ್ಧಲಿಂಗ ಖಡಾಖಂಡಿತವಾಗಿ ಹೇಳಿದ್ದ: ಅಪ್ಪನನ್ನು ಆಗಾಗ ವಿಚಾರಿಸುವ ಏರ್ಪಾಡು ಭಾನುವಾರದೊಳಗೆ ಆಗದಿದ್ದರೆ ಹೊಲ ಪಾಲಿಗೆ ಕೊಟ್ಟು ಅವರನ್ನು ವಾಡಿಗೆ ಕರೆದೊಯ್ಯುವುದೇ ಸೈ. ವಿಮಲಾಬಾಯಿಯ ಕಣ್ಣು ಮಂಜು. ಸಾದಾ ಫೋನಿನ ಗುಂಡಿ ಕಾಣದು. ಹೊಲ ಬಿಡಿಸಿದರೆ ಆ ಜೀವ ಬಹಳ ದಿನ ಬಾಳುವುದಿಲ್ಲವೆಂದು ಅವರಿಗೆ ಖಾತ್ರಿಯಿತ್ತು. ಆದರೂ ಹೆಸರು ನಾಲಿಗೆಗೆ ಬರಲೊಲ್ಲದು.

“ಮನ್ಯಾಗ ಹ್ಯಾಂಗ ಕರೀತೀರಿ ಅವರಿಗಿ?” ಭಾಗ್ಯಜ್ಯೋತಿ ಸೋತು ಕೇಳಿದಳು.

“ಅತ್ತಿ ಮಾವ ಇದ್ದಾಗಿನ ರೂಢಿ. ಬಾಗಿಲ ಹಿಂದ ನಿಂತು ಹಿಂಗ ಮಾಡ್ತೀನಿ.” ಮುಂಗೈ ಜಾಡಿಸಿದರು. ಹಸಿರು ಬಳೆಗಳು ಘಲ್ಲೆಂದವು. “ಹೊಳ್ಳಿ ನೋಡ್ತಾರ.”

ಹುಡುಗಿ ಅವರ ಕೈಯನ್ನೇ ನೋಡಿದಳು. ಆಮೇಲೆ ಹೆಸರಿನ ಜಾಗದಲ್ಲಿ ಬಳೆಯ ಸದ್ದನ್ನೇ ಫೋನಿಗೆ ತುಂಬಿಸಿ, ಅದನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟಳು. ವಿಮಲಾಬಾಯಿ ಮತ್ತೊಮ್ಮೆ ಕೈ ಜಾಡಿಸಿದ್ದೇ ತಡ, ಗೂಡಿನೊಳಗಿಂದ ಹೊಲದಲ್ಲಿದ್ದ ಸೂಗಪ್ಪನವರ ದನಿ ಬಂತು: “ಏನಾತು?” ಮುದುಕಿ ಹುಡುಗಿಯ ಗಲ್ಲ ಸವರಿ ಲಟಿಕೆ ಮುರಿದರು.

ಮರುದಿನ ಬೆಳಿಗ್ಗೆಯಿಂದ ಸೂಗಪ್ಪನವರ ಫೋನಿಗೆ ಬಿಡುವೇ ಇಲ್ಲ. ಎತ್ತಿದರೆ ಮಾತಿಲ್ಲ, ಬರೀ ತಟ್ ತಟ್ ಸದ್ದು. ಜಾಣ ಹುಡುಗಿ ಎಲ್ಲವನ್ನೂ ಯೋಚಿಸಿದ್ದಳು, ಜೋಳದ ರೊಟ್ಟಿಯೊಂದನ್ನು ಬಿಟ್ಟು. ರೊಟ್ಟಿ ಬಡಿಯುವ ಕೈಯಲ್ಲಿ ಬಳೆಗಳು ಸುಮ್ಮನಿರುತ್ತವೆಯೇ?

ಸುದ್ದಿ ತಿಳಿದು ಭಾನುವಾರ ಅವಳು ಲ್ಯಾಪ್‌ಟಾಪ್ ಹೊತ್ತು ಓಡಿಬಂದಾಗ ಸಿದ್ಧಲಿಂಗ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ.

“ಸುಮ್ ಸುಮ್ಕ ಬಾರಿಸ್ಲಿಕತ್ರ ಅಪ್ಪ ಬ್ಯಾಸತ್ತು ಎತ್ತೂದೇ ಬಿಡ್ತಾನ. ನಾ ಇವತ್ತೇ ಕರಕೊಂಡು ಹೋಗ್ತೀನಿ,” ಎಂದ.

“ತಪ್ಪು ನಂದ್ರಿ ಅಣ್ಣಾ. ಬಳಿ ಸದ್ದು ಈಗೇ ತೆಗೀತೀನಿ.”

“ತೆಗದ್ರ ನೋಡು ಮತ್ತ,” ವಿಮಲಾಬಾಯಿ ಹಿಟ್ಟಿನ ಕೈಯನ್ನೇ ಎತ್ತಿ ಗದರಿಸಿದರು. “ಇಬ್ಬರೂ ಬಾಯಿ ಮುಚ್ಚಿ ಕುಂದ್ರಿ.”

ಹಿಟ್ಟಿನ ಮುದ್ದೆ ಹಿಡಿದು ರೊಟ್ಟಿ ತಟ್ಟತೊಡಗಿದರು. ಗೂಡಿನ ಫೋನು ತಾನೇ ಕರೆ ಹಚ್ಚಿತು. ಅತ್ತ ಯಾರೋ ಎತ್ತಿದರು, ಮಾತಾಡಲಿಲ್ಲ. ಬರೀ ತೊಗರಿ ಕೊಯ್ಯುವ ಕುಡುಗೋಲಿನ ಸರಕ್ ಸರಕ್.

“ಅಪ್ಪಾ—” ಎನ್ನಹೊರಟ ಮಗನನ್ನು ಅವರು ಕಣ್ಣಲ್ಲೇ ತಡೆದರು.

“ದಿನಾ ಹಿಂಗೇ. ಫೋನು ಬದುವಿನ ಮ್ಯಾಲ ಇಟ್ಟು ಕೆಲಸ ಮಾಡ್ತಾರ. ಅವರ ಕುಡುಗೋಲು ನನಗ ಕೇಳ್ತದ, ನನ್ನ ರೊಟ್ಟಿ ಅವರಿಗಿ ಕೇಳ್ತದ. ಆ ಸದ್ದು ಜರಾ ನಿಂತ್ರ ನನ್ನ ಕೈ ನಿಂದರ್ತದ. ಅವರು ಕೆಮ್ಮಿದ್ರ ಮತ್ತ ಬಡಿಲಿಕ್ಕೆ ಹತ್ತತೀನಿ.”

ಮೂವರೂ ಕೇಳುತ್ತ ಕೂತರು. ಭಾಗ್ಯಜ್ಯೋತಿಗೆ ನಗು ಬಂತು. ಕೊನೆಯ ರೊಟ್ಟಿ ಹಂಚಿಗೆ ಬಿದ್ದು ತಟ್ಟುವ ಸದ್ದು ನಿಂತೊಡನೆ ಅತ್ತ ಕುಡುಗೋಲೂ ನಿಂತಿತು.

“ಎಂಟೇ ರೊಟ್ಟಿ ಆದವಲ್ಲ,” ಫೋನಿನೊಳಗಿಂದ ಸೂಗಪ್ಪನವರ ದನಿ. “ಇವತ್ತು ಐತವಾರ, ಸಿದ್ಧ ಬಂದಿರ್ತಾನ. ಇನ್ನೆರಡು ಬಡಿ.”

ವಿಮಲಾಬಾಯಿ ಮತ್ತೆ ಹಿಟ್ಟಿಗೆ ಕೈ ಹಾಕಿದರು. ಭಾಗ್ಯಜ್ಯೋತಿ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಸೇರಿಸಿದಳು. ಸಿದ್ಧಲಿಂಗ ಎದ್ದು, ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೊಂದಿಷ್ಟು ಪುಂಡಿಪಲ್ಯ ಇಟ್ಟುಕೊಂಡು, ಚಪ್ಪಲಿ ಮೆಟ್ಟಿ ಹೊಲದ ದಾರಿ ಹಿಡಿದ.