ಹಸಿಯಿದ್ದಾಗಿನ ಬಣ್ಣ

"ಇದ್ನಾ ನೀನು ಸಾರಿಗಾಕಿದ್ದು? ನಾಯೀನೂ ಮೂಸಲ್ಲ ಇದ್ನ," ಎಂದು ಪುಟ್ಟಲಕ್ಷ್ಮಿ ಬೆರಳಲ್ಲಿ ಮುಟ್ಟಿ ನೋಡಿದಳು.

ಕಾಗದದ ಲಕೋಟೆಯೊಳಗೆ ಇದ್ದದ್ದು ಹಳೇ ಚಪ್ಪಲಿ ಚೂರಿನಂಥ ಕಪ್ಪು ಸಿಪ್ಪೆ. ನಮ್ಮ ವಿಶ್ವವಿದ್ಯಾಲಯದ ಹರ್ಬೇರಿಯಂನಲ್ಲಿ ಒಣಗಿಸಿಟ್ಟ ಅಣಬೆಗಳಲ್ಲಿ ಎಷ್ಟೋ ಕೊನೆಗೆ ಹೀಗೇ ಆಗುತ್ತವೆ. ಅಲ್ಲಿ ಹದಿನೈದು ವರ್ಷದಿಂದ ಅಟೆಂಡರ್ ಆಗಿರುವ ನನಗೆ ಅದು ಗೊತ್ತು. ಅಮೃತಹಳ್ಳಿಯ ಮುನಿಕೃಷ್ಣಮ್ಮನಿಗೆ ಗೊತ್ತಿರಲಿಲ್ಲ.

"ಆವತ್ತು ಬೆಳ್ಳಗೆ ಮಲ್ಲಿಗೆ ಮೊಗ್ಗಿನಂಗಿತ್ತು ಕಣವ್ವಾ. ಉತ್ತದ ಅಣಬೆ ಇಂಗೇ ಇರ್ತದಲ್ಲ ಅಂತ ಕಿತ್ಕೊಂಡ್ ಬಂದೆ," ಎಂದಳು ಮಗಳಿಗೆ.

ಎಪ್ಪತ್ತೈದನೇ ಇಸವಿಯಲ್ಲಿ ಆ ಸಾರು ಉಂಡು ಅವಳ ಗಂಡನೂ ಮಗನೂ ಹೋದರು. ಇಬ್ಬರಿಗೂ ಬಡಿಸುವಷ್ಟರಲ್ಲಿ ಪಾತ್ರೆ ಬರಿದಾಗಿ, ಇವಳು ಮಜ್ಜಿಗೆ ಕುಡಿದು ಮಲಗಿದ್ದಳು. ಅದೇ ತಪ್ಪಾಯಿತು. ವಿಷವೆಂದು ಗೊತ್ತಿದ್ದೇ ಉಣ್ಣಲಿಲ್ಲ ಅಂದರು ಗಂಡನ ಕಡೆಯವರು. ಆ ದಿನ ಅಪ್ಪನ ತಂಗಿಯ ಮನೆಯಲ್ಲಿದ್ದ ಪುಟ್ಟಲಕ್ಷ್ಮಿ ಆಮೇಲೆ ಅಲ್ಲೇ ಬೆಳೆದಳು, ಹನ್ನೊಂದು ವರ್ಷ. ಬರುವ ತಿಂಗಳು ಅವಳ ಮದುವೆ. ಹೆತ್ತವಳು ಅಲ್ಲಿಗೆ ಬರಬಹುದೋ ಬಾರದೋ ಎಂಬುದು ಈ ಲಕೋಟೆಯ ಮೇಲೆ ನಿಂತಿತ್ತು. ಅದು ತಿನ್ನುವ ಅಣಬೆಯಂತೆಯೇ ಕಾಣುತ್ತಿತ್ತೆಂದು ಮಗಳು ನಂಬಬೇಕಿತ್ತು.

"ಜಿಯಾವುಲ್ಲಾ ಸಾಬ್ರೇ, ಚೀಟೀಲಿ ಬರ್ದಿರ್ತೀರಲ್ಲ, ಓದಿ ಏಳಿ ಇವ್ಳಿಗೆ," ಎಂದಳು ಮುನಿಕೃಷ್ಣಮ್ಮ.

ಓದಿದೆ. ಊರು, ತಾರೀಖು, ತಂದವರ ಹೆಸರು. 'ಹಸಿಯಿದ್ದಾಗಿನ ಬಣ್ಣ' ಎನ್ನುವ ಜಾಗ ಖಾಲಿ. ಒಣಗಿದರೆ ಬಣ್ಣ ಹೋಗುತ್ತದೆಂದೇ ಅದನ್ನು ಮೊದಲು ಬರೆಯಬೇಕು. ಯಾವ ಅಣಬೆ ತಿಳಿದುಕೊಂಡು ಬಾ ಎಂದು ಡಾಕ್ಟರು ಕಳಿಸಿದ್ದಕ್ಕೆ, ಹುತ್ತದ ಬಳಿ ಉಳಿದಿದ್ದೊಂದನ್ನು ಕಿತ್ತು ಸೆರಗಿನಲ್ಲಿ ಕಟ್ಟಿ ತಂದವಳು ಇವಳೇ. ಈಸಿಕೊಂಡವನು ನಾನು. ಅವಳ ಅಳು ನೋಡಲಾರದೆ, ನಮ್ಮ ಪ್ರೊಫೆಸರ್ ಸಾಹೇಬರು ನೋಡಿ ಅಣಬೆಯ ಹೆಸರು ಹೇಳಿದ ಕೂಡಲೇ ಒಣಗಿಸುವ ಪೆಟ್ಟಿಗೆಗೆ ಹಾಕಿ ಬಾಗಿಲು ಮುಚ್ಚಿಬಿಟ್ಟಿದ್ದೆ.

"ಬೆಳ್ಳಗೇ ಇತ್ತಮ್ಮಾ. ನಾನೇ ಕಣ್ಣಾರೆ ನೋಡಿದೀನಿ, ಖುದಾ ಕಸಮ್."

"ಮತ್ತೆ ಯಾಕೆ ಬರೀಲಿಲ್ಲ?" ಎಂದಳು ಪುಟ್ಟಲಕ್ಷ್ಮಿ.

"ಮರೆತೆ."

"ಚೆನ್ನಾಗದೆ. ಇವ್ಳು ಎಷ್ಟ್ ದಿನದಿಂದ ಇಂಗನ್ನಿ ಅಂತ ಏಳ್ಕೊಡ್ತಾವ್ಳೆ ನಿಮ್ಗೆ?" ಎಂದು ತಾಯಿಯತ್ತ ಕೈ ತೋರಿಸಿದಳು.

"ಅಯ್ಯೋ, ಹಂಗನ್ಬೇಡ. ಈಗ್ಲೇ ಬರೀತೀನಿ, ನಿನ್ನ ಮುಂದೇನೇ. ನನ್ ತಪ್ಪು ಅಂತಾನೂ ಬರೀತೀನಿ."

"ಬರ್ಕೊಳ್ಳಿ. ನಂಗೇನ್ ಆಗ್ಬೇಕು."

ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ. ಪುಟ್ಟಲಕ್ಷ್ಮಿ ವರಾಂಡದ ನಲ್ಲಿಯ ಕೆಳಗೆ ಅಣಬೆ ಮುಟ್ಟಿದ ಬೆರಳನ್ನು ಬಹಳ ಹೊತ್ತು ತೊಳೆದಳು. ಆಮೇಲೆ ತಿರುಗಿಯೂ ನೋಡದೆ ಗೇಟಿನತ್ತ ನಡೆದಳು. ಮುನಿಕೃಷ್ಣಮ್ಮ ಸುರಿಯುತ್ತಿದ್ದ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿ, ಅವಳ ಹಿಂದೆ ಓಡಿದಳು.